ಚೆಂಡುಹೂವು ನಿಂತ ತಗ್ಗು

ವಿಜಯದಶಮಿಯ ಮರುದಿನ, ಬೆಳಗ್ಗೆ ಏಳು ಗಂಟೆ. ಸ್ಥಳ, ಪಟ್ಟಂದೂರು ಅಗ್ರಹಾರದ ಅಂಚಿನ ಜೊಂಡಿನ ತಗ್ಗು. ಹಾಜರಿದ್ದವರು ಮೂವರು: ನಾನು, ಉಪಗ್ರಹ ಚಿತ್ರ ಓದುವುದರಲ್ಲಿ ನಮ್ಮ ಕಚೇರಿಗೇ ಮೊದಲಿಗನಾದ ನವೀನ್, ಮತ್ತು ಯಾರೂ ಕರೆಯದೆ ಹಲ್ಲುಜ್ಜುತ್ತಲೇ ಬಂದು ನಿಂತ ಪಿಳ್ಳಪ್ಪ. ಆಕಾಶದ ತುಂಬ ಮೋಡ. ನಮಗೆ ಬೇಕಿದ್ದದ್ದೂ ಅದೇ.

ಹೊತ್ತು, ಸ್ಥಳ, ಹಾಜರಿ ಹೇಳಿಯೇ ಶುರು ಮಾಡುವುದು ಮನೆಯಿಂದ ಬಂದ ಅಭ್ಯಾಸ. ನಾನು ಬೆಳೆದದ್ದು ಪೊಲೀಸ್ ಕ್ವಾರ್ಟರ್ಸಿನಲ್ಲಿ. ಶಾಲೆಯಲ್ಲಿ ಯಾರೋ ಜುಟ್ಟು ಎಳೆದರೆಂದು ಅಪ್ಪನಿಗೆ ದೂರು ಹೇಳಬೇಕಾದರೂ ಮೊದಲು ಹೊತ್ತು, ಆಮೇಲೆ ಸ್ಥಳ, ಆಮೇಲೆ ಹಾಜರಿದ್ದವರ ಹೆಸರು. ಅತ್ತುಕೊಂಡು ಹೇಳಿದರೆ ಅರ್ಜಿ ಸ್ವೀಕಾರವಾಗುತ್ತಿರಲಿಲ್ಲ. ನಾನೇ ನಿವೃತ್ತಳಾದ ಮೇಲೂ ಈ ಕ್ರಮ ಬಿಟ್ಟಿಲ್ಲ. ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವವರು ನನ್ನನ್ನು ಕೇಳುವುದು ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು. ನಾನು ಹೇಳುವುದು ಆ ಒಂದು ದಿನದ ಕಥೆ.

ಕೆಲಸ ಏನೆಂದು ಮೊದಲು ಹೇಳಬೇಕು. ಕೆರೆ, ಹುಲ್ಲುಗಾವಲು, ಮರದ ತೋಪು, ತಗ್ಗು ಇವೆಲ್ಲ ಸುಮ್ಮನೆ ಬಿದ್ದಿರುವಂತೆ ಕಾಣುತ್ತವೆ. ಆದರೆ ಅವು ದಿನವೂ ದುಡಿಯುತ್ತವೆ. ಮಳೆನೀರನ್ನು ತಡೆದು ನಿಧಾನ ಮಾಡುತ್ತವೆ, ಬೋರ್‌ವೆಲ್ಲಿಗೆ ನೀರು ಇಳಿಸುತ್ತವೆ, ಗಾಳಿ ತಂಪು ಮಾಡುತ್ತವೆ, ದನಕ್ಕೆ ಮೇವು ಕೊಡುತ್ತವೆ. ಪುಸ್ತಕದಲ್ಲಿ ಇದಕ್ಕೆ ಪರಿಸರ ವ್ಯವಸ್ಥೆಯ ಸೇವೆಗಳು ಎಂಬ ಹೆಸರಿದೆ. ಯಾವ ಜಾಗ ಯಾವ ಸೇವೆ ಮಾಡುತ್ತಿದೆ ಎಂದು ನಕ್ಷೆಯಲ್ಲಿ ಬಣ್ಣ ತುಂಬಿ, ರಸ್ತೆ ಎಲ್ಲಿ ಬರಬೇಕು, ಕಟ್ಟಡ ಎಲ್ಲಿ ಬರಬಾರದು ಎಂದು ತೀರ್ಮಾನಿಸುವವರ ಮುಂದೆ ಇಡುವುದು ನಮ್ಮ ಉದ್ಯೋಗ. ಬಣ್ಣ ತಪ್ಪಿದರೆ ಜಾಗ ಹೋಯಿತು.

ಜೊಂಡಿನ ತಗ್ಗಿಗೆ ನಮ್ಮ ನಕ್ಷೆ ಹಳದಿ ಬಣ್ಣ ಕೊಟ್ಟಿತ್ತು. ಹಳದಿ ಎಂದರೆ ಬಂಜರು, ಬೇರೆ ಕೆಲಸಕ್ಕೆ ಬಳಸಬಹುದು. ಅದು ಸಾಗುವಳಿಗೆ ಒದಗದ್ದೆಂದು ದಾಖಲಾದ ಸರ್ಕಾರಿ ಖರಾಬು ಜಮೀನು. ಮಣ್ಣು ತುಂಬಿ ಸಮ ಮಾಡಿ, ಪಕ್ಕದ ಐಟಿ ಪಾರ್ಕಿಗೆ ಬರುವ ಕ್ಯಾಬು, ಬಸ್ಸುಗಳಿಗೆ ನಿಲ್ದಾಣ ಮಾಡಬೇಕೆಂಬ ಪ್ರಸ್ತಾವ ಬಂದಿತ್ತು. ಅಂದು ಸಂಜೆ ನಾಲ್ಕಕ್ಕೆ ಅಂತಿಮ ಸಭೆ. ತಗ್ಗಿನ ಕೆಳಗೆ ಬಾಡಿಗೆ ಕೋಣೆಗಳ ಒಂದು ಸಾಲು. ಮೊದಲ ಕೋಣೆಯಲ್ಲಿ ಶಾಂತವ್ವ ಇದ್ದಳು. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆಂದು ಬಂದವಳು, ಈಗ ಅದನ್ನು ಬಿಟ್ಟು ಜೋಳದ ರೊಟ್ಟಿ ಬಡಿದು ತನ್ನ ಸೀಮೆಯ ಕೆಲಸಗಾರರಿಗೆ ಮಾರುತ್ತಿದ್ದಳು. ಹಿಟ್ಟಿನ ಚೀಲಗಳು ನೆಲದ ಮೇಲೇ ಸಾಲಾಗಿ ಇರುತ್ತಿದ್ದವು.

ಕೋಣೆಗಳ ಮಾಲೀಕ ಪಿಳ್ಳಪ್ಪ. ಹಳೆಯ ಊರಿನವನು. ಒಂದು ಕಾಲಕ್ಕೆ ರಾಗಿ ಬೆಳೆದ ಜಾಗದಲ್ಲಿ ಈಗ ಬಾಡಿಗೆ ಬೆಳೆಯುತ್ತಿದ್ದ. ತಗ್ಗು ಮುಚ್ಚಿಸಿ ಎಂದು ಅರ್ಜಿ ಕೊಟ್ಟವನೂ ಅವನೇ.

"ಏನಮ್ಮಾ, ಅಬ್ಬ ಮುಗೀತಿದ್ದಂಗೆ ಬಂದ್ಬುಟ್ಟಾ? ಈ ಸೊಳ್ಳೆ ಗುಂಡೀಲಿ ಏನೈತೆ ನೋಡಕ್ಕೆ?"

"ಮಳೆ ನೋಡೋಕೆ ಬಂದಿದ್ದೀವಿ, ಪಿಳ್ಳಪ್ಪನೋರೆ."

"ಮಳೆ ನೋಡಕ್ಕೆ ಜೀಪು ಬೇಕಾ! ನಮ್ಮ ತಾರಸಿ ಮ್ಯಾಲೆ ಕುಂತ್ರೆ ಸಾಕು, ಅದೇ ಬಂದು ತಲೆ ಮ್ಯಾಲೆ ಉಯ್ತದೆ."

ನವೀನ್ ನಕ್ಕ. ಅವನಿಗೂ ಒಳಗೊಳಗೆ ಇದೇ ಅನ್ನಿಸುತ್ತಿತ್ತು ಎಂದು ನನಗೆ ಗೊತ್ತು. ಮಳೆಗಾಗಿ ಕಾಯುವುದು ನನ್ನ ಮೊದಲ ಮೇಲಧಿಕಾರಿ ಸೋಮಶೇಖರ್ ಸಾಹೇಬರು ಹಾಕಿದ ಪದ್ಧತಿ. ಆಗ ನಾವು ಟ್ರೇಸಿಂಗ್ ಕಾಗದದ ಮೇಲೆ ಬಣ್ಣದ ಪೆನ್ಸಿಲ್ಲಿನಲ್ಲಿ ನಕ್ಷೆ ಬರೆಯುತ್ತಿದ್ದೆವು. ನೀರಿಗೆ ಸಂಬಂಧಿಸಿದ ಯಾವ ನಕ್ಷೆಯೇ ಆಗಲಿ, ಮಳೆ ಸುರಿಯುವಾಗ ಯಾರಾದರೂ ಒಬ್ಬರು ಆ ಜಾಗದಲ್ಲಿ ನಿಂತು ಬಂದು, ಮೂಲೆಯಲ್ಲಿ ಸಹಿ ಹಾಕದೆ ಅವರು ಹೊರಗೆ ಕಳುಹಿಸುತ್ತಿರಲಿಲ್ಲ. ಅದಕ್ಕೆ ಕಚೇರಿಯಲ್ಲಿ ಮಳೆ ಸಹಿ ಎಂದೇ ಹೆಸರು. ಬೀರುವಿನಲ್ಲಿ ದೊಡ್ಡದೊಂದು ಕಪ್ಪು ಕೊಡೆ ಇತ್ತು. ಮೊದಲ ಸಲ ನಾನು ಅದನ್ನು ತಲೆಯ ಮೇಲೆ ಹಿಡಿದದ್ದು ನೋಡಿ ಸಾಹೇಬರು, "ರೀ, ಕೊಡೆ ಇರೋದು ನಕ್ಷೆಗೆ. ನೀವು ನೆನೀರಿ," ಎಂದರು. ಅವರೂ ನೆನೆಯುತ್ತಲೇ ನಿಂತಿದ್ದರು, ಬೂಟಿನ ತುಂಬ ನೀರು.

ಅವರು ನಿವೃತ್ತರಾಗಿ ಹೋದ ಮೇಲೆ ಪದ್ಧತಿ ಸಡಿಲವಾಯಿತು. ಉಪಗ್ರಹ ಬಂತು, ಡ್ರೋನ್ ಬಂತು. ಮಳೆಯಲ್ಲಿ ನಿಲ್ಲುವುದು ಹಳೆಯವರ ಹುಚ್ಚಿನಂತೆ ಕಾಣತೊಡಗಿತು. ನಾನು ಬಿಡಲಿಲ್ಲ. ಆದರೆ ನನ್ನೊಬ್ಬಳಿಂದ ಎಷ್ಟು ತಗ್ಗುಗಳಲ್ಲಿ ನೆನೆಯಲು ಸಾಧ್ಯ? ಜೊಂಡಿನ ತಗ್ಗಿನ ನಕ್ಷೆ ಮಳೆ ಸಹಿ ಇಲ್ಲದೆಯೇ ಹೋಗಿಬಿಟ್ಟಿತ್ತು.

ಹಳದಿ ಬಣ್ಣ ಏಕೆ ಬಂತೆಂದು ನಮಗೆ ತಿಳಿದದ್ದು ಹಬ್ಬಕ್ಕೆ ಸ್ವಲ್ಪ ಮುಂಚೆ. ನಾನು ನವೀನನಿಗೆ, ಈ ಚಿತ್ರ ಯಾವ ತಿಂಗಳದ್ದು ಎಂದು ಕೇಳಿದೆ.

"ಮಾರ್ಚ್ ಮೇಡಂ. ಸಕ್ಕತ್ ಕ್ಲಿಯರ್ ಚಿತ್ರ. ಒಂದು ಚೂರೂ ಮೋಡ ಇಲ್ಲ."

ಅಷ್ಟು ಹೇಳಿದವನಿಗೆ ತಪ್ಪು ತಾನೇ ಹೊಳೆಯಿತು. ಮೋಡವಿದ್ದರೆ ಉಪಗ್ರಹಕ್ಕೆ ನೆಲ ಕಾಣುವುದಿಲ್ಲ. ಆದ್ದರಿಂದ ನಮ್ಮ ಕಸುಬಿನವರೆಲ್ಲ ಮೋಡವಿಲ್ಲದ ದಿನವನ್ನೇ ಹುಡುಕುತ್ತಾರೆ. ಮಳೆನೀರು ಎಲ್ಲಿ ನಿಲ್ಲುತ್ತದೆ ಎಂಬ ನಕ್ಷೆಯನ್ನು ಮಳೆಯೇ ಇಲ್ಲದ ದಿನದ ಚಿತ್ರದಿಂದ ಮಾಡುತ್ತಾರೆ! ಮಾರ್ಚಿನಲ್ಲಿ ಜೊಂಡನ್ನು ಕೊಯ್ದು ಬುಡಕ್ಕೆ ಬೆಂಕಿ ಹಾಕಿದ್ದರು. ಮೇಲಿನಿಂದ ಕಂಡದ್ದು ಸುಟ್ಟ ಒಣ ನೆಲ. ಬಂಜರು ಎಂದು ಯಂತ್ರ ಹೇಳಿತು, ನಾವು ಹೌದೆಂದೆವು.

ಸಭೆಗೆ ಮುಂಚೆ ಒಂದೇ ಒಂದು ಮಳೆಯಲ್ಲಿ ಅಲ್ಲಿ ನಿಲ್ಲಬೇಕು. ಅದಕ್ಕೇ ಅಂದು ಬೆಳಗ್ಗೆ ಏಳಕ್ಕೆ ಹಾಜರಾದದ್ದು. ತಗ್ಗಿಗೆ ನೀರು ಬರುವ ಕಡೆ ಒಂದು, ಹೊರಗೆ ಹೋಗುವ ಕಡೆ ಒಂದು, ಕೆಂಪು ಬಿಳಿ ಪಟ್ಟೆಯ ಅಳತೆ ಕೋಲು ನೆಟ್ಟೆವು. ಆಮೇಲೆ ಕಾದೆವು.

ಹತ್ತರ ಹೊತ್ತಿಗೆ ಮೋಡ ಸರಿದು ಬಿಸಿಲು ಬಂತು!

ನವೀನ್ ಫೋನ್ ನೋಡಿ ತಲೆ ಚಚ್ಚಿಕೊಂಡ. "ಮೇಡಂ, ಬೆಳಗ್ಗೆ ಮಳೆ ಅಂತ ತೋರಿಸ್ತಿತ್ತು. ಈಗ ನೋಡಿ, ಸೂರ್ಯ ಹಾಕ್ಬಿಟ್ಟಿದಾರೆ."

"ಕಾಯೋಣ."

"ಎಷ್ಟೊತ್ತು ಮೇಡಂ? ಮಾರತ್ತಹಳ್ಳಿ ದಾಟ್ಬೇಕು ಸಭೆಗೆ."

ಶಾಂತವ್ವ ತಟ್ಟೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಹಿಡಿದು ಬಂದಳು. "ಅಕ್ಕಾರ, ನಿಂತ್ ನಿಂತ್ ಕಾಲ ಹರದಾವು. ಒಂದ ರೊಟ್ಟಿ ತಿನ್ರಿ. ಮಳಿ ಏನ ಓಡಿ ಹೋಗೂದಿಲ್ಲ."

"ಓಡಿ ಹೋಗಿದೆ ನೋಡಕ್ಕಾ," ಎಂದ ನವೀನ್.

"ಹೋಗ್ಲಿ ಬಿಡ್ರಿ. ನನಗ ಮಳಿ ಅಂದ್ರ ಜೀವಾ ಕೈಯಾಗ ಬರ್ತೈತಿ. ಮೊದ್ಲ ಆ ಕಡೆ ಗಲ್ಲ್ಯಾಗ ಇದ್ನಿ. ಒಂದ ಮಳೀಗಿ ಕ್ವಾಣಿ ತುಂಬ ನೀರ ಬಂದು ನನ್ನ ಹಿಟ್ಟೆಲ್ಲಾ ಅಂಬಲಿ ಆತ್ರಿ. ಕುಡಿಯಾಕ ಮಂದೀನ ಕರೀಬೇಕಿತ್ತು." ತಾನೇ ನಕ್ಕು, ತಗ್ಗಿನ ಕಡೆ ನೋಡಿ ನಗು ನಿಲ್ಲಿಸಿದಳು. "ಇದನ್ನ ಮುಚ್ತಾರಂತ, ಖರೇನ್ರಿ? ಮುಚ್ಚಿದ್ರ ಇಲ್ಲೂ ಹಂಗ ಆಗತೈತೇನ್ರಿ?"

ಗೊತ್ತಿಲ್ಲ ಎಂದೆ. ಗೊತ್ತು ಮಾಡಿಕೊಳ್ಳಲೇ ಬಂದಿದ್ದೇವೆ ಎಂದೂ ಹೇಳಿದೆ. ಅವಳು ಹೇಳಿದ ಗಲ್ಲಿ ಐಟಿ ಪಾರ್ಕಿನ ಇನ್ನೊಂದು ಬದಿಯಲ್ಲಿತ್ತು. ಅಲ್ಲಿಯೂ ಮೊದಲು ಇಂಥದೇ ತಗ್ಗು ಇತ್ತು. ಅದನ್ನು ಹಿಂದೆಯೇ ಮುಚ್ಚಿ, ಅಡಿಯಲ್ಲಿ ಕೊಳವೆ ಹಾಕಿ, ಮೇಲೆ ವಾಹನ ನಿಲ್ಲಿಸುತ್ತಿದ್ದರು.

ಕಾಯುತ್ತ ಕೂತ ಹೊತ್ತಿನಲ್ಲಿ ನವೀನನಿಗೆ ಧೈರ್ಯ ಬರಲೆಂದು ಹಳೆಯ ಪ್ರಮಾದಗಳ ಕಥೆ ಹೇಳಿದೆ. ನಮ್ಮ ಕಸುಬಿನವರು ಮಾತ್ರ ಮಾಡಬಲ್ಲ ತಪ್ಪುಗಳು ಅವು. ವರ್ತೂರಿನ ಕಡೆಯ ಒಂದು ಕೆರೆಗೆ ಅತ್ಯುತ್ತಮ ಹುಲ್ಲುಗಾವಲು ಎಂದು ಕಡು ಹಸಿರು ಬಂದಿತ್ತು. ನೋಡಲು ಹೋದರೆ ದಡದಿಂದ ದಡಕ್ಕೆ ಕಳೆಗಿಡ ಹಾಸಿಕೊಂಡ ಕೊಳಕು ನೀರು. ಮೇವಿಗೆ ಬಿಟ್ಟ ದನ ಸೀದಾ ಮುಳುಗುತ್ತಿತ್ತು. ಪೀಣ್ಯದ್ದು ಇನ್ನೂ ಚೆನ್ನ. ಶಾಖ ಅಳೆಯುವ ಚಿತ್ರದಲ್ಲಿ ಅಲ್ಲಿನ ತಗಡಿನ ಶೆಡ್ಡುಗಳು ಉದ್ಯಾನಕ್ಕಿಂತ ತಂಪಾಗಿ ಕಂಡವು. ಹೊಳೆಯುವ ತಗಡು ತನ್ನ ಬಿಸಿಯನ್ನು ಕ್ಯಾಮೆರಾಕ್ಕೆ ಸರಿಯಾಗಿ ತೋರಿಸುವುದಿಲ್ಲ ಎಂಬುದು ನಮಗಾಗ ಹೊಳೆಯಲಿಲ್ಲ. ಇದು ತಂಪು ವಲಯ ಎಂದು ಬರೆದುಕೊಂಡು ಹೋದಾಗ, ಲೇತ್ ಯಂತ್ರದ ಮುಂದೆ ಬೆವರು ಸುರಿಸುತ್ತಿದ್ದವನೊಬ್ಬ ನಮ್ಮನ್ನು ಒಳಗೆ ಕರೆದ. "ಬನ್ನಿ ಮೇಡಂ, ಸ್ವೆಟರ್ ತಂದಿದೀರಾ?" ಎಂದ.

ನವೀನ್ ಹೊಟ್ಟೆ ಹಿಡಿದು ನಗುತ್ತಿದ್ದಾಗಲೇ ಗಾಳಿ ತಿರುಗಿತು. ಪೂರ್ವದಿಂದ ಕಪ್ಪು ಮೋಡ ಎದ್ದು ಐಟಿ ಪಾರ್ಕಿನ ಗಾಜಿನ ಗೋಡೆಗಳೆಲ್ಲ ಒಮ್ಮೆಗೇ ಮಂಕಾದವು. ಹತ್ತಿರದ ಕಾರ್ಖಾನೆಯ ಮಧ್ಯಾಹ್ನದ ಸೈರನ್ನಿನ ಹೊತ್ತಿಗೆ ಮೊದಲ ಹನಿ. ಅದರ ಬೆನ್ನಿಗೇ ಧೋ ಎಂದು ಮಳೆ!

ಬೀರುವಿನ ಆ ಕಪ್ಪು ಕೊಡೆಯನ್ನು ಬೆಳಗ್ಗೆಯೇ ಜೊತೆಗೆ ತಂದಿದ್ದೆ. ಕೊಡೆ ಬಿಚ್ಚಿ ನಕ್ಷೆಯ ಮೇಲೆ ಹಿಡಿದೆ. ಪಾರ್ಕಿನ ಚರಂಡಿಯಿಂದ ನೀರು ಕೆಂಪಗೆ ಉಕ್ಕಿ ತಗ್ಗಿನತ್ತ ನುಗ್ಗಿತು. ನೀರಿನ ಜೊತೆ ಏನೋ ಕಿತ್ತಳೆ ಬಣ್ಣದ್ದು ರಾಶಿ ರಾಶಿ ಬಂತು. ನಮಗೆ ಒಂದು ಕ್ಷಣ ತಿಳಿಯಲಿಲ್ಲ.

ಚೆಂಡುಹೂವು! ಆಯುಧಪೂಜೆಗೆ ಪಾರ್ಕಿನ ಕಾರು, ಬಸ್ಸು, ಜನರೇಟರು, ಲಿಫ್ಟುಗಳಿಗೆ ಹಾಕಿದ ಹಾರಗಳನ್ನೆಲ್ಲ ಕಿತ್ತು ಚರಂಡಿಗೆ ಎಸೆದಿದ್ದರು. ಮಳೆ ಅವನ್ನು ಹೊತ್ತು ತಂದಿತ್ತು. ಎಷ್ಟು ವರ್ಷ ನೀರಿನ ದಾರಿ ಹುಡುಕಲು ಬಣ್ಣ ಕಲಸಿದ್ದೇವೆ, ಮರದ ಪುಡಿ ತೇಲಿಬಿಟ್ಟಿದ್ದೇವೆ. ಅಂದು ಹಬ್ಬವೇ ನಮ್ಮ ಕೆಲಸಕ್ಕೆ ಗುರುತು ಹಾಕಿಕೊಟ್ಟಿತ್ತು.

"ನವೀನ್, ಪಾರ್ಕಿನ ಆ ಕಡೆ ಚರಂಡೀಲೂ ಹೂವು ಇರುತ್ತೆ. ಓಡು! ಆ ಗಲ್ಲಿಗೆ ಹೋಗಿ ವಿಡಿಯೋ ಕಾಲ್ ಮಾಡು!"

ಅವನು ಪ್ಯಾಂಟು ಮಡಚದೆಯೇ ಓಡಿದ. ನಾನು ನೀರು ಹೊರಹೋಗುವ ಕಡೆಯ ಕೋಲಿನ ಪಕ್ಕ ನಿಂತೆ. ಪಿಳ್ಳಪ್ಪ ಗೋಣಿಚೀಲ ತಲೆಗೆ ಹಾಕಿಕೊಂಡು ಬಂದ. ಶಾಂತವ್ವ ಬಾಗಿಲಲ್ಲಿ, ಕೈಯಲ್ಲಿ ಬಕೆಟ್ಟು ಹಿಡಿದೇ ನಿಂತಿದ್ದಳು.

ಸ್ವಲ್ಪ ಹೊತ್ತಿಗೆಲ್ಲ ಫೋನು ಬಂತು. "ಮೇಡಂ! ಇಲ್ಲಿ ನೋಡಿ! ಕೊಳವೆ ತುಂಬಿ ರಸ್ತೆಗೆ ಬಂದ್ಬಿಟ್ಟಿದೆ. ಹೂವು ಮನೆ ಬಾಗಿಲಿಗೇ ಬಂದಿದೆ. ಒಳಗೆ ಹೋಗ್ತಿದೆ ಮೇಡಂ, ಒಳಗೆ!" ಪರದೆಯ ಮೇಲೆ ಜನ ತಟ್ಟೆಯಲ್ಲಿ, ಮೊರದಲ್ಲಿ ನೀರು ಹೊರಗೆ ಚೆಲ್ಲುತ್ತಿದ್ದರು. ಹೊಸ್ತಿಲ ಮೇಲೆ ಕಿತ್ತಳೆ ಹೂವು.

"ಇಲ್ಲಿ ಒಂದೂ ಬಂದಿಲ್ಲ," ಎಂದೆ. ಫೋನನ್ನು ನನ್ನ ಪಕ್ಕದ ಕೋಲಿನತ್ತ ತಿರುಗಿಸಿದೆ.

ತಗ್ಗಿನೊಳಗೆ ನೀರು ಏರುತ್ತಿತ್ತು. ನೀರು ಬರುವ ಕಡೆಯ ಕೋಲಿನ ಪಟ್ಟೆಗಳು ಒಂದೊಂದಾಗಿ ಮುಳುಗಿದವು. ಆದರೆ ನುಗ್ಗಿ ಬಂದ ನೀರು ಜೊಂಡಿನ ಮಧ್ಯೆ ಹರಡಿಕೊಂಡು ಸುಸ್ತಾದಂತೆ ನಿಂತುಬಿಡುತ್ತಿತ್ತು. ಹೂವುಗಳು ಜೊಂಡಿನ ಬುಡಕ್ಕೆ ಸಿಕ್ಕಿ, ಸುತ್ತ ತಿರುಗಿ, ಅಲ್ಲೇ ಉಳಿದವು. ಇಡೀ ತಗ್ಗು ಕಿತ್ತಳೆ ಚುಕ್ಕಿಯಾಯಿತು. ತಗ್ಗಿನಿಂದ ಹೊರಬೀಳುವ ನಮ್ಮ ಕಡೆಯ ಕಾಲುವೆಯಲ್ಲಿ ನೀರು ಮೆಲ್ಲಗೆ ಹರಿಯಿತು, ಕೋಲಿನ ಕೆಳಗಿನ ಪಟ್ಟೆಯನ್ನೂ ದಾಟಲಿಲ್ಲ.

ಪಿಳ್ಳಪ್ಪ ಫೋನನ್ನೂ ಕಾಲುವೆಯನ್ನೂ ಮತ್ತೆ ಮತ್ತೆ ನೋಡಿದ. "ಎಲ್ಲಮ್ಮಾ ಊವಾ? ಅಲ್ಲಿ ಬಂದೈತೆ, ಇಲ್ಯಾಕೆ ಬಂದಿಲ್ಲ?"

"ತಗ್ಗು ಹಿಡ್ಕೊಂಡಿದೆ, ಪಿಳ್ಳಪ್ಪನೋರೆ. ನೀವು ಮುಚ್ಚಿ ಅಂದಿದ್ದೀರಲ್ಲ, ಆ ತಗ್ಗು."

"ಅಂಗಾರೆ ಮುಚ್ಚಿದ್ರೆ..." ಅವನು ತನ್ನ ಕೋಣೆಗಳ ಸಾಲಿನತ್ತ ತಿರುಗಿದ. ಮಾತು ಮುಗಿಸಲಿಲ್ಲ.

ಶಾಂತವ್ವ ಮುಗಿಸಿದಳು. "ಮುಚ್ಚಿದ್ರ ಚಲೋನ ಆತು ಬಿಡ್ರಿ ಗೌಡ್ರ. ನಿಮ್ಮ ಕ್ವಾಣ್ಯಾಗ ಆಯುಧಪೂಜಿ ಇನ್ನೊಮ್ಮಿ ಮಾಡೂಣಂತ. ಹೂವಾ ತಾವ ನಡಕೊಂತ ಬರ್ತಾವು!"

"ಸುಮ್ಕಿರವ್ವಾ ನೀನೊಬ್ಳು!" ಎಂದ ಪಿಳ್ಳಪ್ಪ. ಆಮೇಲೆ ನನ್ನತ್ತ ತಿರುಗಿ, "ಜೀಪಲ್ಲಿ ಜಾಗ ಐತಾ? ನಾನೂ ಬತ್ತೀನಿ ಸಭೆಗೆ," ಎಂದ.

ಮಳೆ ನಿಂತಾಗ ಎರಡೂವರೆ. ಅಷ್ಟರಲ್ಲಿ ನಾನು ತಗ್ಗನ್ನೂ ಕಾಲುವೆಯನ್ನೂ ವಿಡಿಯೋ ಮಾಡಿಕೊಂಡಿದ್ದೆ, ನವೀನ್ ಗಲ್ಲಿಯ ವಿಡಿಯೋ ತೆಗೆದು ಮರಳಿದ್ದ. ಕೋಲುಗಳನ್ನು ಕಿತ್ತು ತೊಳೆದು ಜೀಪಿಗೆ ಹಾಕಿದೆವು. ತೊಳೆಯದ ಸಾಮಾನು ಗಾಡಿ ಹತ್ತಕೂಡದು, ಎಷ್ಟೇ ಅವಸರವಿರಲಿ. ಮಾರತ್ತಹಳ್ಳಿಯ ಹತ್ತಿರ ಎಲ್ಲ ಗಾಡಿಗಳೂ ನಿಂತುಬಿಟ್ಟಿದ್ದವು. ಬಸ್ಸಿನ ಹಿಂದೆ ಬಸ್ಸು, ನಡುವೆ ನೀರು. ಪಿಳ್ಳಪ್ಪ ಕಿಟಕಿಯಿಂದ ತಲೆ ಹಾಕಿ, "ಇಲ್ಲೂ ಯಾವನೋ ಗುಂಡಿ ಮುಚ್ಚವ್ನೆ," ಎಂದ. ನವೀನ್ ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಎರಡು ವಿಡಿಯೋಗಳನ್ನು ಅಕ್ಕಪಕ್ಕ ಜೋಡಿಸುತ್ತಿದ್ದ. ಅವನ ತಲೆಯಿಂದ ನೀರು ಕೀಲಿಗಳ ಮೇಲೆ ಬೀಳುತ್ತಿತ್ತು. ಬೇರೆ ದಾರಿ ಕಾಣದೆ ನಕ್ಷೆಯ ಕೊಡೆಯನ್ನು ಜೀಪಿನೊಳಗೇ ಅರ್ಧ ಬಿಚ್ಚಿ ಲ್ಯಾಪ್‌ಟಾಪಿನ ಮೇಲೆ ಹಿಡಿದೆ. ಪಕ್ಕದ ಬಸ್ಸಿನವರು ನೋಡಿ ನಕ್ಕರು. ನಗಲಿ.

ನಾಲ್ಕಕ್ಕೆ ಸರಿಯಾಗಿ ಮೆಟ್ಟಿಲು ಹತ್ತಿದೆವು. ಸಭೆಯ ಅಧ್ಯಕ್ಷರು ಮಾತು ಕಡಿಮೆಯ ಮನುಷ್ಯ. ನಮ್ಮ ಒದ್ದೆ ಬಟ್ಟೆ ನೋಡಿ ಒಂದು ಹುಬ್ಬು ಏರಿಸಿದರು, ಅಷ್ಟೆ. ಎರಡು ವಿಡಿಯೋ ತೋರಿಸಿದೆವು. ಒಂದೇ ಪಾರ್ಕು, ಒಂದೇ ಮಳೆ, ಒಂದೇ ಹೂವು. ಒಂದು ಕಡೆ ಹೊಸ್ತಿಲ ಮೇಲೆ, ಇನ್ನೊಂದು ಕಡೆ ಜೊಂಡಿನ ಬುಡದಲ್ಲಿ.

ನಿಲ್ದಾಣದ ಪರವಾಗಿ ಬಂದಿದ್ದ ಎಂಜಿನಿಯರು ಕೇಳಿದರು: "ಮೇಡಂ, ನಿಮ್ಮದೇ ನಕ್ಷೆ ಅದನ್ನ ಬಂಜರು ಅಂತಿದೆ. ಈಗ ಹೂವು ತೋರಿಸಿದ್ರೆ ಹೇಗೆ? ನೀರಿಗೆ ಅಡಿಯಲ್ಲಿ ಕೊಳವೆ ಹಾಕ್ತೀವಲ್ಲ."

"ಹೊಸ್ತಿಲ ಮೇಲೆ ಹೂವು ಬಂದಿರೋ ಕಡೆಯೂ ಕೊಳವೆ ಇದೆ ಸರ್," ಎಂದೆ. "ನಮ್ಮ ನಕ್ಷೆ ಎರಡು ಕಡೆ ತಪ್ಪಿದೆ. ಮಾರ್ಚಿನ ಚಿತ್ರ ಇಟ್ಕೊಂಡು ಮಳೆ ಲೆಕ್ಕ ಮಾಡಿದ್ವಿ. ಇನ್ನೊಂದು, ತಗ್ಗಿನಲ್ಲಿ ಯಾರೂ ವಾಸ ಇಲ್ಲ, ಹಾಗಾಗಿ ಅದರಿಂದ ಯಾರಿಗೂ ಉಪಯೋಗ ಇಲ್ಲ ಅಂತ ಸೊನ್ನೆ ಅಂಕ ಕೊಟ್ವಿ. ಕೆಲಸ ನಡೆಯೋದು ತಗ್ಗಿನಲ್ಲಿ, ಅದರ ಫಲ ಸಿಗೋದು ಕೆಳಗಿನ ಸಾಲಿನ ಮನೆಗಳಿಗೆ. ನಾವು ಮೇಲಿನ ಜಾಗ ನೋಡಿದ್ವಿ, ಕೆಳಗಿನ ಜನಾನ ನೋಡಲಿಲ್ಲ."

ಹೊಸಬರು ಇಲ್ಲಿ ಸ್ವಲ್ಪ ನಿಲ್ಲಬೇಕು. ನಾನು ಇಡೀ ಉದ್ಯೋಗದಲ್ಲಿ ಕಲಿತದ್ದರಲ್ಲಿ ಇದೇ ದೊಡ್ಡದು. ಸೇವೆ ಹುಟ್ಟುವ ಜಾಗಕ್ಕೆ ಬಣ್ಣ ಹಾಕುವುದು ಯಾರಿಗಾದರೂ ಬರುತ್ತದೆ. ಅದು ಯಾರ ಮನೆಗೆ ತಲುಪುತ್ತದೆ ಎಂದು ಗೆರೆ ಎಳೆಯದಿದ್ದರೆ ನಕ್ಷೆ ಅರ್ಧವೇ ಆದಂತೆ. ಆ ಗೆರೆ ಎಳೆಯಲು ಕಾಲು ಒದ್ದೆಯಾಗಲೇಬೇಕು.

ಅಧ್ಯಕ್ಷರು ಹಿಂದಿನ ಕುರ್ಚಿಯತ್ತ ನೋಡಿದರು. "ಇವರು ಯಾರು?"

ಪಿಳ್ಳಪ್ಪ ಎದ್ದು ನಿಂತ. ಗೋಣಿಚೀಲ ಇನ್ನೂ ಕಂಕುಳಲ್ಲೇ ಇತ್ತು. "ಸ್ವಾಮಿ, ಆ ಗುಂಡಿ ಮುಚ್ಚಿ ಅಂತ ಅರ್ಜಿ ಕೊಟ್ಟೋನು ನಾನೇ. ವಾಪಸ್ ತಗೊಂತೀನಿ."

"ಯಾಕೆ? ಸೊಳ್ಳೆ ಕಾಟ ಅಂತ ಬರೆದಿದ್ದಿರಿ."

"ಈಗ್ಲೂ ಐತೆ ಸ್ವಾಮಿ. ಸೊಳ್ಳೆಗೆ ಪರದೆ ಕಟ್ಕಂತೀವಿ. ನೀರಿಗೆ ಯಾವ ಪರದೆ ಕಟ್ಟನ?"

ಸಭೆ ನಕ್ಕಿತು. ಎಂಜಿನಿಯರೂ ನಕ್ಕರು, ಆದರೆ ಬಿಡಲಿಲ್ಲ. ಹಾಗಾದರೆ ನಿಲ್ದಾಣ ಎಲ್ಲಿ ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ನವೀನ್ ಪಾರ್ಕಿನ ಮುಂದಿನ ಎತ್ತರದ ಜಾಗವೊಂದನ್ನು ಪರದೆಯ ಮೇಲೆ ತೋರಿಸಿದ. ಅದು ನಿಜಕ್ಕೂ ಹಳದಿ. ಅಲ್ಲಿ ನೀರು ನಿಲ್ಲುವುದೂ ಇಲ್ಲ, ಇಳಿಯುವುದೂ ಇಲ್ಲ. ನಕ್ಷೆ ಎಂದರೆ ಬೇಡ ಎನ್ನುವುದಷ್ಟೇ ಅಲ್ಲ, ಇಲ್ಲಿ ಮಾಡಿ ಎನ್ನುವುದೂ ಹೌದು. ಎಂಜಿನಿಯರು ಮುಂದೆ ಬಾಗಿ ಬಹಳ ಹೊತ್ತು ನೋಡಿದರು. "ಬಸ್ಸು ತಿರುಗೋಕೆ ಸ್ವಲ್ಪ ಕಷ್ಟ. ಆದ್ರೆ ಆಗುತ್ತೆ," ಎಂದರು.

ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದರು. ನಮ್ಮ ಹಳದಿ ನಕ್ಷೆಯನ್ನು ನೋಡಿ ಮತ್ತೆ ಮುಚ್ಚಿದರು. "ಇದಕ್ಕೆ ನಾನು ಸಹಿ ಹಾಕೋಲ್ಲ. ಸರಿ ಮಾಡ್ಕೊಂಡು ಬನ್ನಿ. ಕಾಯ್ತೀನಿ."

ಪಕ್ಕದ ಕೋಣೆಯಲ್ಲಿ ಕೂತು ತಗ್ಗಿನ ಹಳದಿ ತೆಗೆದು ನೀಲಿ ತುಂಬಿದೆವು. ಬಂಜರು ಎಂಬ ಪದವನ್ನು ನವೀನನೇ ಅಳಿಸಿದ. ಅದರ ಜಾಗದಲ್ಲಿ ಏನು ಬರೆಯುವುದೆಂದು ಕೇಳಿದ. 'ಮಳೆನೀರು ತಡೆಯುವ ಜೊಂಡಿನ ತಗ್ಗು. ಭರ್ತಿ ಮಾಡಕೂಡದು' ಎಂದು ಹೇಳಿದೆ. ಅವನು ಬೆರಳಚ್ಚು ಮಾಡಿ ಕೈ ತೆಗೆದ. "ಮುಗೀತಾ ಮೇಡಂ?"

"ಇಲ್ಲ. ಬಾಣ ಎಲ್ಲಿ?"

ತಗ್ಗಿನಿಂದ ಕೆಳಕ್ಕೆ ಒಂದು ಬಾಣ ಎಳೆದೆ. ಅದರ ತುದಿಯನ್ನು ಕೋಣೆಗಳ ಸಾಲಿನ ಮೇಲೆ, ಮೊದಲ ಬಾಗಿಲ ಹತ್ತಿರ, ಇಟ್ಟೆ. ಮುದ್ರಣವಾಗಿ ಬಂದ ಹಾಳೆಯ ಮೂಲೆಯಲ್ಲಿ ನನ್ನ ಮಳೆ ಸಹಿ ಹಾಕಿ ಪೆನ್ನನ್ನು ನವೀನನಿಗೆ ಕೊಟ್ಟೆ. ಅವನ ಮೊದಲ ಮಳೆ ಸಹಿ. ಅವನ ಒದ್ದೆ ತೋಳಿನಿಂದ ಒಂದು ಹನಿ ಬಿದ್ದು ಅಕ್ಷರ ಸ್ವಲ್ಪ ಹರಡಿತು. ಬೇರೆ ಪ್ರತಿ ತೆಗೆಯಲೇ ಎಂದ. ಬೇಡ ಎಂದೆ. ಅಧ್ಯಕ್ಷರು ಆ ಹನಿಯ ಪಕ್ಕದಲ್ಲೇ ಸಹಿ ಮಾಡಿದರು.

ಕಚೇರಿಗೆ ಮರಳಿ ಕಪ್ಪು ಕೊಡೆಯನ್ನು ಒಣಗಲು ಬಿಚ್ಚಿಟ್ಟೆ. ಅಂದಿನ ಕೆಲಸ ಮುಗಿಯಿತು.